ಸಾಕ್ಸ್ ಬಿಡುವ ಮುನ್ನ ಶೂ ಒಳಗೆ ಕೈಯಾಡಿಸಿ

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಟ್ರಯಥ್ಲಾನ್ ಮುಗಿದಾಗ ಸ್ವಿಟ್ಜರ್ಲೆಂಡಿನ ನಿಕೋಲಾ ಸ್ಪಿರಿಗ್ ಮತ್ತು ಸ್ವೀಡನ್ನಿನ ಲೀಸಾ ನೋರ್ಡೆನ್ ಇಬ್ಬರ ಹೆಸರಿನ ಮುಂದೆಯೂ ಒಂದೇ ಸಮಯವಿತ್ತು: 1 ಗಂಟೆ 59 ನಿಮಿಷ 48 ಸೆಕೆಂಡು. ಈಜಿ, ಸೈಕಲ್ ತುಳಿದು, ಹತ್ತು ಕಿಲೋಮೀಟರ್ ಓಡಿ ಬಂದ ಮೇಲೂ ಚಿನ್ನ ಯಾರದೆಂದು ತಿಳಿಯಲು ಕೊನೆಯ ಗೆರೆಯ ಫೋಟೊ ನೋಡಬೇಕಾಯಿತು. ಗೆದ್ದದ್ದು ಸ್ಪಿರಿಗ್. ಪೈಪೋಟಿ ಇಷ್ಟು ಬಿಗಿಯಾಗಿರುವಲ್ಲಿ ನೀರಿನಿಂದ ಎದ್ದು ಬಂದು ಒದ್ದೆ ಕಾಲಿಗೆ ಸಾಕ್ಸ್ ಏರಿಸುತ್ತ ಕೂರಲು ಯಾರಿಗೆ ಮನಸ್ಸು ಬರುತ್ತದೆ? ಆ ಮಟ್ಟದವರು ಬರಿಗಾಲನ್ನೇ ಶೂಗೆ ತೂರಿಸಿ ಹೊರಡುವುದು ಇದಕ್ಕೇ.

ಅವರನ್ನು ನೋಡಿ, ಮೊದಲ ಸಲ ಟ್ರಯಥ್ಲಾನ್‌ಗೆ ಹೆಸರು ಕೊಟ್ಟವರೂ ಸಾಕ್ಸ್ ಬಿಟ್ಟು ಹೊರಡುತ್ತಾರೆ. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಕೊನೆಯ ಕಿಲೋಮೀಟರುಗಳನ್ನು ಕುಂಟುತ್ತ ಮುಗಿಸುತ್ತಾರೆ. ಸಾಕ್ಸ್ ಬಿಟ್ಟು ಉಳಿಸಿದ್ದು ಹತ್ತಿಪ್ಪತ್ತು ಸೆಕೆಂಡು. ಕುಂಟಿ ಕಳೆದುಕೊಂಡದ್ದು ಎಷ್ಟೋ ನಿಮಿಷ. ಸಾಕ್ಸ್ ಬಿಡುವುದು ತಯಾರಿಯ ಕೊನೆಯ ಕೆಲಸ. ಮೊದಲು ಶೂ ಸರಿಯಿರಬೇಕು, ಆಮೇಲೆ ಚರ್ಮ ಪಳಗಬೇಕು. ಈ ಕ್ರಮವನ್ನು ಯಾರೂ ಹಿಂದುಮುಂದು ಮಾಡಬಾರದೆಂಬ ಕಾಳಜಿಯಿಂದಲೇ ಈ ಮಾಹಿತಿ.

ಮೊದಲು ದೂರ ನೋಡಿ

ಸ್ಪ್ರಿಂಟ್ ಟ್ರಯಥ್ಲಾನ್ ಎಂದರೆ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಒಲಿಂಪಿಕ್ ದೂರದಲ್ಲಿ ಇವೆಲ್ಲ ಎರಡರಷ್ಟು. ಈ ಎರಡರಲ್ಲಿ ಸಾಕ್ಸ್ ಬಿಡುವುದಕ್ಕೆ ಅರ್ಥವಿದೆ. ಹಾಫ್ ದೂರ, ಅಂದರೆ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟಕ್ಕೆ ಬಂದಾಗ ನನ್ನ ಸಲಹೆ ಬದಲಾಗುತ್ತದೆ: ಓಟಕ್ಕಾದರೂ ಸಾಕ್ಸ್ ಹಾಕಿಕೊಳ್ಳಿ. ಇದರ ದುಪ್ಪಟ್ಟಿನ ಫುಲ್ ದೂರಕ್ಕೆ ಸಾಕ್ಸ್ ಬಿಡುವ ಯೋಚನೆಯೇ ಬೇಡ.

ಸೈಕಲ್‌ಗೂ ಓಟಕ್ಕೂ ಬೇರೆ ಬೇರೆ ಲೆಕ್ಕ ಯಾಕೆ? ಪೆಡಲ್ ತುಳಿಯುವಾಗ ಪಾದ ಶೂ ಒಳಗೆ ಹೆಚ್ಚು ಕದಲುವುದಿಲ್ಲ, ಗಟ್ಟಿ ಅಟ್ಟೆಯ ಮೇಲೆ ಒತ್ತಿಕೊಂಡಿರುತ್ತದೆ. ಓಟದಲ್ಲಿ ಹಾಗಲ್ಲ. ಪ್ರತಿ ಹೆಜ್ಜೆಗೂ ಪಾದ ಮಡಚುತ್ತದೆ, ಹಿಮ್ಮಡಿ ಮೇಲೆದ್ದು ಕೂರುತ್ತದೆ, ಬೆರಳುಗಳು ಮುಂದಕ್ಕೆ ಜಾರುತ್ತವೆ. ಮೇಲ್ಚರ್ಮ ಶೂಗೆ ಅಂಟಿಕೊಂಡು ನಿಂತು, ಒಳಗಿನ ಮೂಳೆ ಹಿಂದೆ ಮುಂದೆ ಜರುಗಿದಾಗ ನಡುವಿನ ಪದರ ಬಿಟ್ಟುಕೊಂಡು ನೀರು ತುಂಬುತ್ತದೆ. ಅದೇ ಬೊಬ್ಬೆ. ಒದ್ದೆಯಾಗಿ ಮೆತ್ತಗಾದ ಚರ್ಮ ಒಣ ಚರ್ಮಕ್ಕಿಂತ ಹೆಚ್ಚು ಅಂಟುತ್ತದೆ. ಟ್ರಯಥ್ಲಾನ್‌ನಲ್ಲಿ ಕಾಲು ಶುರುವಿನಿಂದಲೇ ಒದ್ದೆ.

ಅಂಗಡಿಯಲ್ಲಿ

ಸೈಕ್ಲಿಂಗ್ ಶೂ ಕೊಳ್ಳಲು ಸಂಜೆ ಹೋಗಿ. ದಿನವಿಡೀ ನಿಂತು ನಡೆದ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ, ಬಿಸಿಲಲ್ಲಿ ಗಂಟೆಗಟ್ಟಲೆ ತುಳಿದಾಗಲೂ ಹಾಗೇ ಊದುತ್ತದೆ. ಸಾಕ್ಸ್ ಬಿಡುವ ಯೋಚನೆ ಇದ್ದರೆ ಅಂಗಡಿಯಲ್ಲೂ ಬರಿಗಾಲಲ್ಲೇ ಹಾಕಿ ನೋಡಬೇಕು. ಮನೆಯಲ್ಲೇ ಕಾಗದದ ಮೇಲೆ ನಿಂತು ಎರಡೂ ಪಾದಗಳ ಅಂಚು ಗೀಚಿಕೊಂಡು, ಉದ್ದ ಅಗಲ ಅಳೆದಿಟ್ಟುಕೊಳ್ಳಿ. ಎರಡು ಪಾದ ಒಂದೇ ಅಳತೆ ಇರುವವರು ಕಡಿಮೆ. ದೊಡ್ಡ ಪಾದಕ್ಕೆ ಹೊಂದುವುದನ್ನು ತೆಗೆದುಕೊಳ್ಳಿ. ಸೈಕ್ಲಿಂಗ್ ಶೂಗಳಿಗೆ ಸಾಮಾನ್ಯವಾಗಿ ಯುರೋಪಿಯನ್ ಸೈಜ್ ಇರುತ್ತದೆ. ಒಂದು ಸೈಜಿಗೂ ಮುಂದಿನದಕ್ಕೂ ಸುಮಾರು 6.7 ಮಿಲಿಮೀಟರ್ ಅಂತರ, ಹಾಗಾಗಿ ಅರ್ಧ ಸೈಜ್ ಸಿಗುವ ಕಂಪನಿಗಳನ್ನು ಹುಡುಕುವುದು ಒಳ್ಳೆಯದು.

ಶೂ ಕಾಲಿಗೆ ಏರಿಸುವ ಮೊದಲೇ ಅದರೊಳಗೆ ಕೈ ಹಾಕಿ. ಬೆರಳ ತುದಿಯಿಂದ ಇಡೀ ಒಳಮೈ ಸವರಿ: ಹಿಮ್ಮಡಿಯ ಬಟ್ಟಲು, ಹರಡಿನ ಕೆಳಗಿನ ಅಂಚು, ಪಾದದ ಕಮಾನು ಕೂರುವ ಜಾಗ, ಕಿರುಬೆರಳಿನ ಪಕ್ಕ, ನಾಲಿಗೆ ಹೊಲಿದು ಸೇರಿಸಿದ ಕಡೆ. ಎಲ್ಲಿ ಹೊಲಿಗೆಯ ಗಂಟು ಕೈಗೆ ಸಿಗುತ್ತದೋ ಅಲ್ಲೇ ನಾಳೆ ಶೂ ಕಚ್ಚುವುದು. ಸಾಕ್ಸ್ ಇದ್ದರೆ ಆ ಗಂಟು ಗೊತ್ತೇ ಆಗುವುದಿಲ್ಲ. ಒಳ್ಳೆಯ ಟ್ರಯಥ್ಲಾನ್ ಶೂಗಳಲ್ಲಿ ಒಳಪದರ ಮೆತ್ತಗಿರುತ್ತದೆ, ಹೊಲಿಗೆ ಆದಷ್ಟೂ ಕಡಿಮೆ. ಬಣ್ಣ, ತೂಕ, ಕಾರ್ಬನ್ ಅಟ್ಟೆ ಎಲ್ಲ ಇದರ ನಂತರ ನೋಡುವ ವಿಷಯಗಳು. ದುಬಾರಿ ಕಾರ್ಬನ್ ಅಟ್ಟೆಗಿಂತ ಒಳಮೈ ನಯವಾದ ನೈಲಾನ್ ಅಟ್ಟೆಯ ಶೂ ಹೊಸಬರಿಗೆ ಹೆಚ್ಚು ಉಪಕಾರಿ ಎಂಬುದು ನನ್ನ ದೃಢ ಅಭಿಪ್ರಾಯ.

ರೋಡ್ ಸೈಕ್ಲಿಂಗ್ ಶೂಗೂ ಟ್ರಯಥ್ಲಾನ್ ಶೂಗೂ ಏನು ವ್ಯತ್ಯಾಸ? ರೋಡ್ ಶೂಗೆ ತಿರುಗಿಸುವ ಡಯಲ್, ಲೇಸ್ ಅಥವಾ ಎರಡು ಮೂರು ಪಟ್ಟಿಗಳಿರುತ್ತವೆ. ಪಾದವನ್ನು ಎಲ್ಲ ಕಡೆಯಿಂದ ಸಮವಾಗಿ ಹಿಡಿಯುತ್ತದೆ, ಆದರೆ ಓಡುತ್ತ ಬಂದು ಹಾಕಿಕೊಳ್ಳಲು ಹೇಳಿಸಿದ್ದಲ್ಲ. ಟ್ರಯಥ್ಲಾನ್ ಶೂಗೆ ಒಂದೋ ಎರಡೋ ಅಗಲವಾದ ವೆಲ್ಕ್ರೋ ಪಟ್ಟಿ, ದೊಡ್ಡದಾಗಿ ತೆರೆಯುವ ಬಾಯಿ, ಹಿಮ್ಮಡಿಯ ಹಿಂದೆ ಬೆರಳು ತೂರಿಸಿ ಎಳೆಯಲು ಕುಣಿಕೆ, ನೀರು ಇಳಿದು ಗಾಳಿ ಆಡಲು ಅಟ್ಟೆಯಲ್ಲಿ ತೂತು. ಪಟ್ಟಿ ಬಿಚ್ಚಿದಾಗ ಅದು ಹೊರಗಡೆಗೆ ಬೀಳುತ್ತದೆಯೇ ನೋಡಿ. ಒಳಗಡೆಗೆ, ಅಂದರೆ ಕ್ರ್ಯಾಂಕ್ ಮತ್ತು ಚೈನ್ ಕಡೆಗೆ ಬಿದ್ದರೆ ತುಳಿಯುವಾಗ ಸಿಕ್ಕಿಕೊಳ್ಳುವ ಅಪಾಯ. ಈಗಾಗಲೇ ಮನೆಯಲ್ಲಿ ರೋಡ್ ಶೂ ಇದ್ದು, ವರ್ಷಕ್ಕೊಂದು ಟ್ರಯಥ್ಲಾನ್ ಮಾಡುವವರು ಹೊಸದು ಕೊಳ್ಳಬೇಕಾಗಿಲ್ಲ. ಕುಣಿಕೆ ಇಲ್ಲದಿದ್ದರೆ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಗಟ್ಟಿ ಲಾಡಿಯದೊಂದು ಹೊಲಿಸಿಕೊಳ್ಳಿ. ಹೊಲಿಗೆಯ ತುದಿ ಒಳಗೆ ಚುಚ್ಚದ ಹಾಗೆ ಮಾಡಿಕೊಡಲು ಹೇಳಿ.

ಹಾಕಿಕೊಂಡ ಮೇಲೆ ನಿಂತು ಪರೀಕ್ಷಿಸುವುದಕ್ಕಿಂತ, ಅಂಗಡಿಯಲ್ಲಿ ಟ್ರೈನರ್ (ಸೈಕಲನ್ನು ನಿಂತಲ್ಲೇ ತುಳಿಯಲು ಬಳಸುವ ಸ್ಟ್ಯಾಂಡ್) ಮೇಲೆ ನಿಲ್ಲಿಸಿದ ಸೈಕಲ್ ಇದ್ದರೆ ಅದರ ಮೇಲೆ ಕೂತು ತುಳಿಯಿರಿ. ಬೆರಳುಗಳು ಮುಂದೆ ತಾಗಬಾರದು, ಆದರೆ ಪೆಡಲ್ ಮೇಲಕ್ಕೆ ಎಳೆದಾಗ ಹಿಮ್ಮಡಿ ಶೂ ಬಿಟ್ಟು ಏಳಬಾರದು. ಪಾದದ ಅಗಲದ ಭಾಗವನ್ನು ಎರಡು ಕಡೆಯಿಂದ ಹಿಂಡಿದಂತಾದರೆ ಆ ಶೂ ಬೇಡ. ಬಳಸುತ್ತ ಸಡಿಲವಾಗುತ್ತದೆ ಎಂದು ಅಂಗಡಿಯವರು ಹೇಳಿದರೂ ಒಪ್ಪಬೇಡಿ. ಈ ಶೂಗಳ ಕೃತಕ ಹೊದಿಕೆ ಚರ್ಮದ ಚಪ್ಪಲಿಯಂತೆ ಹಿಗ್ಗುವುದಿಲ್ಲ.

ಕ್ಲೀಟ್

ಶೂ ಅಟ್ಟೆಗೆ ಕೂರಿಸಿ, ಶೂವನ್ನು ಪೆಡಲಿಗೆ ಸಿಕ್ಕಿಸುವ ತುಂಡೇ ಕ್ಲೀಟ್. ಅಟ್ಟೆಯಲ್ಲಿ ಮೂರು ತೂತಿದ್ದರೆ ರೋಡ್ ಕ್ಲೀಟ್, ಎರಡಿದ್ದರೆ ಮೌಂಟನ್ ಬೈಕ್ ಕಡೆಯ ಸಣ್ಣ ಕ್ಲೀಟ್. ನಿಮ್ಮ ಪೆಡಲ್ ಯಾವುದೆಂದು ನೋಡಿಕೊಂಡೇ ಶೂ ಕೊಳ್ಳಿ. ಪಾದ ಎಷ್ಟು ಅತ್ತಿತ್ತ ತಿರುಗಬಹುದು ಎಂಬುದು ಕ್ಲೀಟಿನ ಬಣ್ಣದಿಂದ ತಿಳಿಯುತ್ತದೆ. ಶಿಮಾನೊದ ರೋಡ್ ಕ್ಲೀಟುಗಳಲ್ಲಿ ಹಳದಿಗೆ 6 ಡಿಗ್ರಿ, ನೀಲಿಗೆ 2 ಡಿಗ್ರಿ. ಕೆಂಪು ಒಂದಿಷ್ಟೂ ತಿರುಗದು. ಲುಕ್ ಕಂಪನಿಯ ಕಿಯೋ ಕ್ಲೀಟುಗಳಲ್ಲಿ ಕಪ್ಪು ತಿರುಗದು, ಬೂದು 4.5 ಡಿಗ್ರಿ, ಕೆಂಪು 9 ಡಿಗ್ರಿ. ಒಂದು ಕಂಪನಿಯ ಕೆಂಪು ಪೂರ್ತಿ ಬಿಗಿ, ಇನ್ನೊಂದರ ಕೆಂಪು ಎಲ್ಲಕ್ಕಿಂತ ಸಡಿಲ. ಬಣ್ಣ ಮಾತ್ರ ನೋಡಿ ಕೊಂಡರೆ ಮಂಡಿಗೆ ನೋವು ಬಂದೀತು. ಹೊಸಬರಿಗೆ ತಿರುಗುವ ಕ್ಲೀಟೇ ಸರಿ. ಹೆಬ್ಬೆರಳ ಬುಡದ ಉಬ್ಬು ಮೂಳೆ ಪೆಡಲಿನ ಅಚ್ಚಿನ ಮೇಲೆ ಬರುವಂತೆ ಅಥವಾ ಅದಕ್ಕಿಂತ ತುಸು ಮುಂದಿರುವಂತೆ ಕ್ಲೀಟ್ ಕೂರಿಸಿ, ಸ್ಥಾನವನ್ನು ಅಟ್ಟೆಯ ಮೇಲೆ ಮಾರ್ಕರಿನಿಂದ ಗುರುತು ಹಾಕಿಕೊಳ್ಳಿ.

ಚರ್ಮವನ್ನು ಪಳಗಿಸುವುದು

ಸ್ಪರ್ಧೆಗೆ ಆರೆಂಟು ವಾರ ಇರುವಾಗಲೇ ಇದು ಶುರುವಾಗಬೇಕು. ಹೊಲದಲ್ಲಿ ಗುದ್ದಲಿ ಹಿಡಿಯುವವರ ಅಂಗೈ ಹೇಗೆ ನಿಧಾನವಾಗಿ ಗಟ್ಟಿಯಾಗುತ್ತದೋ ಪಾದವೂ ಹಾಗೆಯೇ. ಒಂದೇ ದಿನ ಜಾಸ್ತಿ ಮಾಡಿದರೆ ಸುಲಿದುಹೋಗುತ್ತದೆ. ಮೊದಲ ವಾರ ಮನೆಯಲ್ಲಿ ಟ್ರೈನರ್ ಮೇಲೆ ಇಪ್ಪತ್ತು ನಿಮಿಷ ಸಾಕ್ಸ್ ಇಲ್ಲದೆ ತುಳಿಯಿರಿ. ಇಳಿದ ಕೂಡಲೇ ಬೆಳಕಿನಲ್ಲಿ ಪಾದ ನೋಡಿ: ಕೆಂಪಾದ, ಬಿಸಿಯಾದ ಜಾಗಗಳು ಎಲ್ಲಿವೆ? ಶೂ ಒಳಗೆ ಅದಕ್ಕೆ ಎದುರಾದ ಜಾಗ ಹುಡುಕಿ, ಹೊಲಿಗೆಯ ಮೇಲೆ ಔಷಧಿ ಅಂಗಡಿಯಲ್ಲಿ ಸಿಗುವ ಬಟ್ಟೆಯ ಪ್ಲಾಸ್ಟರ್ ಪಟ್ಟಿ ಅಂಟಿಸಿ. ಅಂಚು ಏಳದಂತೆ ಮೂಲೆಗಳನ್ನು ದುಂಡಗೆ ಕತ್ತರಿಸಿ.

ಮುಂದಿನ ವಾರಗಳಲ್ಲಿ ಹೊತ್ತು ಹೆಚ್ಚಿಸಿ, ಆಮೇಲೆ ಹೊರಗೆ ಹೋಗಿ. ನಂದಿಬೆಟ್ಟ ಹತ್ತುವುದೋ ಚಾಮುಂಡಿ ಬೆಟ್ಟ ಹತ್ತುವುದೋ ಇದ್ದರೆ ಇನ್ನೂ ಒಳ್ಳೆಯದು: ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಹಿಮ್ಮಡಿ ಎಷ್ಟು ಉಜ್ಜುತ್ತದೆಂದು ತಿಳಿದುಬಿಡುತ್ತದೆ. ನಂತರ ಒದ್ದೆ ಕಾಲಿನ ಅಭ್ಯಾಸ. ಈಜುಕೊಳದಿಂದ ಎದ್ದು ಹಾಗೆಯೇ ಹೊರಡಿ, ಸಾಧ್ಯವಾಗದಿದ್ದರೆ ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಕಾಲಿಟ್ಟು ಶೂ ಹಾಕಿ. ಓಟದ ಶೂಗೂ ಇದೇ ಪಾಠ ಪ್ರತ್ಯೇಕವಾಗಿ ಬೇಕು: ಎರಡು ಕಿ.ಮೀ.ಯಿಂದ ಶುರು ಮಾಡಿ, ಸ್ಪರ್ಧೆಯ ದೂರವನ್ನು ಅಭ್ಯಾಸದಲ್ಲಿ ಒಮ್ಮೆಯಾದರೂ ಸಾಕ್ಸ್ ಇಲ್ಲದೆ ಮುಗಿಸಿರಬೇಕು. ಮುಗಿಸಲಾಗದಿದ್ದರೆ ಸ್ಪರ್ಧೆಯ ದಿನ ಸಾಕ್ಸ್ ಹಾಕಿ. ಬೊಬ್ಬೆ ಎದ್ದ ಮೇಲೆ ಅಭ್ಯಾಸ ಮುಂದುವರಿಸುವುದರಿಂದ ಚರ್ಮ ಪಳಗುವುದಿಲ್ಲ, ಗಾಯವಾಗುತ್ತದೆ. ಪೂರ್ತಿ ಮಾಯುವವರೆಗೆ ಬಿಡಿ.

ಮಧುಮೇಹ ಇರುವವರು ಸಾಕ್ಸ್ ಬಿಡುವ ಪ್ರಯೋಗಕ್ಕೆ ಇಳಿಯಲೇಬಾರದು. ಪಾದದ ನರಗಳ ಸ್ಪರ್ಶ ಮಂದವಾಗಿದ್ದರೆ ಬೊಬ್ಬೆ ಎದ್ದದ್ದೇ ತಿಳಿಯುವುದಿಲ್ಲ, ಸಣ್ಣ ಗಾಯ ಮಾಯದೆ ಹುಣ್ಣಾಗುತ್ತದೆ. ಐವತ್ತು ದಾಟಿದವರೂ ಈಗ ಉತ್ಸಾಹದಿಂದ ಟ್ರಯಥ್ಲಾನ್‌ಗೆ ಬರುತ್ತಿದ್ದಾರೆ, ಅದು ಸಂತೋಷ. ಆದರೆ ಅವರು ಹೊಸ ಶೂ ಕೊಳ್ಳುವ ಮೊದಲು ಸಕ್ಕರೆ ಅಂಶ ಪರೀಕ್ಷಿಸಿಕೊಳ್ಳಲಿ.

ಸ್ಪರ್ಧೆಯ ದಿನ

ಹೊಸ ಚಪ್ಪಲಿ ಕಚ್ಚಿದರೆ ಮನೆಯಲ್ಲಿ ಕೊಬ್ಬರಿ ಎಣ್ಣೆ ಸವರುತ್ತೇವೆ. ಇಲ್ಲಿ ಅದು ಸಾಲದು, ಬೇಗ ಇಂಗಿಹೋಗುತ್ತದೆ. ವ್ಯಾಸಲೀನ್ ಹೆಚ್ಚು ಹೊತ್ತು ನಿಲ್ಲುತ್ತದೆ. ಅದನ್ನು ಕಾಲಿಗಿಂತ ಶೂ ಒಳಗೆ ಸವರುವುದು ಜಾಣತನ: ಹಿಮ್ಮಡಿ ಬಟ್ಟಲು, ಕಮಾನಿನ ಅಂಚು, ಕಿರುಬೆರಳಿನ ಪಕ್ಕ. ಕಾಲಿಗೆ ಸವರಿಕೊಂಡು ನೀರಿಗಿಳಿದರೆ, ಮರಳಿ ಬರುವಾಗ ದಡದ ಮರಳೆಲ್ಲ ಅದಕ್ಕೇ ಅಂಟುತ್ತದೆ. 2019ರಲ್ಲಿ ಶುರುವಾದ, ಹಾಫ್ ದೂರದ ಗೋವಾ ಐರನ್‌ಮ್ಯಾನ್ 70.3ಕ್ಕೆ ನಮ್ಮ ಕಡೆಯಿಂದ ಹೋಗುವವರು ಇದನ್ನು ಮುಖ್ಯವಾಗಿ ನೆನಪಿಡಬೇಕು. ಅಲ್ಲಿ ಈಜು ಮಿರಾಮಾರ್ ಕಡಲಲ್ಲಿ, ಎದ್ದು ಬರುವುದು ಮರಳಿನ ಮೇಲೆ. ಬೆರಳ ಸಂದಿಯಲ್ಲಿ ಉಳಿದ ನಾಲ್ಕು ಕಾಳು ಮರಳು ತೊಂಬತ್ತು ಕಿಲೋಮೀಟರಿಗೆ ಉಪ್ಪುಕಾಗದದ ಕೆಲಸ ಮಾಡುತ್ತದೆ. ಸೈಕಲ್ ಪಕ್ಕ ಒಂದು ಬಾಟಲಿ ಸಿಹಿನೀರು, ಒಂದು ಸಣ್ಣ ಟವೆಲ್ ಇಡಿ; ಕಾಲು ತೊಳೆದು, ಸಂದಿಗಳನ್ನು ಒರೆಸಿ, ಆಮೇಲೆ ಶೂ ಹಾಕಿ. ಇದಕ್ಕೆ ಹಿಡಿಯುವ ಅರ್ಧ ನಿಮಿಷಕ್ಕೆ ಲೋಭ ಮಾಡಬೇಡಿ.

ಟಾಲ್ಕಂ ಪೌಡರ್ ಓಟದ ಶೂಗೆ ಒಳ್ಳೆಯದು, ಹಗುರವಾಗಿ ಉದುರಿಸಿದರೆ ಒದ್ದೆ ಕಾಲು ಸರಕ್ಕನೆ ಇಳಿಯುತ್ತದೆ. ಆದರೆ ಪೌಡರೂ ವ್ಯಾಸಲೀನೂ ಒಂದೇ ಜಾಗದಲ್ಲಿ ಸೇರಿದರೆ ಕಣಕಗಟ್ಟಿ ಉಂಡೆಯಾಗುತ್ತದೆ. ಓಟದ ಶೂಗೆ ಮಾಮೂಲಿ ಲೇಸ್ ತೆಗೆದು ಇಲಾಸ್ಟಿಕ್ ಲೇಸ್ ಹಾಕಿ. ಸಾಕ್ಸ್ ಹಾಕುವವರು ಅದನ್ನು ಬೆರಳ ತುದಿಯವರೆಗೆ ಸುರುಳಿ ಸುತ್ತಿ ಶೂ ಬಾಯಲ್ಲಿಟ್ಟರೆ ಒದ್ದೆ ಕಾಲಿಗೂ ಬೇಗ ಏರುತ್ತದೆ.

ಶೂಗಳನ್ನು ಮೊದಲೇ ಪೆಡಲಿಗೆ ಸಿಕ್ಕಿಸಿಟ್ಟು, ಬರಿಗಾಲಲ್ಲಿ ಸೈಕಲ್ ತಳ್ಳಿಕೊಂಡು ಓಡಿ, ಹತ್ತಿದ ಮೇಲೆ ಕಾಲು ತೂರಿಸುವ ವಿಧಾನವೂ ಇದೆ. ಬಲ ಪೆಡಲ್ ಮುಂದೆ, ಎಡ ಪೆಡಲ್ ಹಿಂದೆ ಇರುವಂತೆ ಕ್ರ್ಯಾಂಕ್ ಅಡ್ಡ ನಿಲ್ಲಿಸಿ, ಕುಣಿಕೆಗೆ ತೆಳು ರಬ್ಬರ್ ಬ್ಯಾಂಡ್ ಹಾಕಿ, ಎಡ ಶೂವನ್ನು ಹಿಂದಿನ ಚಕ್ರದ ಕ್ವಿಕ್ ರಿಲೀಸ್ ಹಿಡಿಗೂ ಬಲ ಶೂವನ್ನು ಬಾಟಲ್ ಕೇಜಿಗೂ ಬಿಗಿಯುತ್ತಾರೆ. ಇದರಿಂದ ಶೂ ನೆಲಕ್ಕೆ ಉಜ್ಜುವುದಿಲ್ಲ, ಮೊದಲ ತುಳಿತಕ್ಕೇ ಬ್ಯಾಂಡ್ ಹರಿಯುತ್ತದೆ. ಮೊದಲು ಶೂ ಮೇಲೆ ಕಾಲಿಟ್ಟು ತುಳಿದು ವೇಗ ಹಿಡಿಯಿರಿ, ಆಮೇಲೆ ಒಂದೊಂದೇ ಪಾದ ಒಳಗೆ. ಖಾಲಿ ಮೈದಾನದಲ್ಲಿ ನೂರು ಸಲ ಮಾಡಿ ಕೈಗತವಾಗದೆ ಜನರ ನಡುವೆ ಇದನ್ನು ಮಾಡುವುದು ಅಕ್ಕಪಕ್ಕದವರಿಗೂ ಅಪಾಯ.

ನಿಯಮಗಳೂ ಇವೆ. ಸ್ಟ್ಯಾಂಡಿನಿಂದ ಸೈಕಲ್ ತೆಗೆಯುವ ಮೊದಲೇ ಹೆಲ್ಮೆಟ್ ಬಕಲ್ ಹಾಕಿರಬೇಕು. ಹತ್ತುವ ಗೆರೆ ದಾಟಿದ ಮೇಲೆಯೇ ಹತ್ತಬೇಕು. 2012ರ ಅದೇ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಜೊನಾಥನ್ ಬ್ರೌನ್‌ಲೀ ಗೆರೆಗಿಂತ ಮುಂಚೆ ಸೈಕಲ್ ಹತ್ತಿದ್ದಕ್ಕೆ 15 ಸೆಕೆಂಡ್ ದಂಡ ತೆತ್ತು ಕಂಚಿಗೆ ತೃಪ್ತರಾದರು.

ಮುಗಿದ ಮೇಲೆ

ಬೊಬ್ಬೆ ಎದ್ದಿದ್ದರೆ ಮೇಲಿನ ಚರ್ಮ ಕಿತ್ತುಹಾಕಬೇಡಿ, ಅದೇ ಕೆಳಗಿನ ಹಸಿ ಗಾಯಕ್ಕೆ ರಕ್ಷೆ. ತುಂಬ ನೋವಿದ್ದರೆ ಶುದ್ಧಗೊಳಿಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಇಳಿಸಿ, ತೊಳೆದು, ಪಟ್ಟಿ ಹಾಕಿ. ಸುತ್ತ ಕೆಂಪು ಹರಡಿದರೆ, ಕೀವು ಕಂಡರೆ, ಜ್ವರ ಬಂದರೆ ವೈದ್ಯರ ಹತ್ತಿರ ಹೋಗಿ.

ಸಾಕ್ಸ್ ಇಲ್ಲದೆ ಬಳಸಿದ ಶೂ ಬೆವರು, ಉಪ್ಪುನೀರು, ವ್ಯಾಸಲೀನ್ ಎಲ್ಲ ಕುಡಿದಿರುತ್ತದೆ. ಅದೇ ಸಂಜೆ ಇನ್‌ಸೋಲ್ ಹೊರತೆಗೆದು ಸೋಪಿನ ನೀರಿನಲ್ಲಿ ತೊಳೆಯಿರಿ, ಶೂ ಒಳಗೆ ಹಳೆಯ ದಿನಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಅಟ್ಟೆಯ ಅಂಟು ಬಿಡುತ್ತದೆ, ಒಳಪದರ ಒಣಗಿ ಗಡುಸಾಗಿ ಮತ್ತೆ ಕಚ್ಚಲು ಶುರುಮಾಡುತ್ತದೆ. ಒಣಗಿದ ಮೇಲೆ ಕ್ಲೀಟಿನ ಬೋಲ್ಟುಗಳನ್ನು ಅಲೆನ್ ಕೀಯಿಂದ ಒಮ್ಮೆ ಬಿಗಿದು, ಅಂಟಿಸಿದ ಪ್ಲಾಸ್ಟರ್ ಪಟ್ಟಿ ಎದ್ದಿದ್ದರೆ ಕಿತ್ತು ಹೊಸದು ಹಾಕಿಡಿ.