ಗಮನ ನಿಲ್ಲದ ಮಗು: ಎಡಿಎಚ್‌ಡಿ ಮೌಲ್ಯಮಾಪನ ನಡೆಯುವ ಬಗೆ ಮತ್ತು ಶಾಲೆಯ ಹೊಣೆ

(ಪ್ರಾಥಮಿಕ ಹಾಗೂ ಪ್ರೌಢಶಾಲಾ ಶಿಕ್ಷಕರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ಎಸ್‌ಡಿಎಂಸಿ ಸದಸ್ಯರ ಅಧ್ಯಯನಕ್ಕಾಗಿ)

ಪೀಠಿಕೆ

ಐದನೆಯ ತರಗತಿಯ ಇಬ್ಬರು ಮಕ್ಕಳನ್ನು ಉದಾಹರಣೆಗಾಗಿ ಕಣ್ಣ ಮುಂದೆ ತಂದುಕೊಳ್ಳೋಣ. ಒಬ್ಬ ಬಾಲಕ. ಕುಳಿತಲ್ಲಿ ಕೂರುವುದಿಲ್ಲ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾನೆ, ಬಿಸಿಯೂಟದ ಸಾಲಿನಲ್ಲಿ ಮುಂದಿನವರನ್ನು ತಳ್ಳಿ ಹೋಗುತ್ತಾನೆ. ಅವನ ಹೆಸರು ಇಡೀ ಶಾಲೆಗೆ ಗೊತ್ತು. ಇನ್ನೊಬ್ಬಳು ಬಾಲಕಿ. ಯಾರಿಗೂ ತೊಂದರೆ ಕೊಡುವುದಿಲ್ಲ. ಕಿಟಕಿಯ ಹೊರಗೆ ನೋಡುತ್ತಾ ಕುಳಿತಿರುತ್ತಾಳೆ. ಲೆಕ್ಕವನ್ನು ಸರಿಯಾಗಿ ಆರಂಭಿಸಿ ಅರ್ಧಕ್ಕೆ ಬಿಡುತ್ತಾಳೆ. ವಾರಕ್ಕೊಂದು ಪೆನ್ನು ಕಳೆಯುತ್ತಾಳೆ. ಅವಳ ಹೆಸರು ಹಾಜರಿ ಕರೆಯುವಾಗಲಷ್ಟೇ ಕೇಳಿಬರುತ್ತದೆ.

ಬಾಲಕನಿಗೆ ನಾವು 'ತುಂಟ' ಎನ್ನುತ್ತೇವೆ, ಬಾಲಕಿಗೆ 'ಮಂದ' ಎನ್ನುತ್ತೇವೆ. ಇಬ್ಬರಿಗೂ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಹಾಗೂ ಅತಿಚಟುವಟಿಕೆಯ ತೊಂದರೆ ಇರಬಹುದು. ಇಬ್ಬರಿಗೂ ಅದು ಇಲ್ಲದೆಯೂ ಇರಬಹುದು. ಇದನ್ನು ನಿರ್ಣಯಿಸುವ ಕ್ರಮವನ್ನೂ ಅದರಲ್ಲಿ ಶಾಲೆಯ ಪಾತ್ರವನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಶಿಕ್ಷಕರಿಗೆ 'ಮೌಲ್ಯಮಾಪನ' ಎಂಬ ಪದ ಕೇಳಿದೊಡನೆ ಉತ್ತರಪತ್ರಿಕೆ ಮತ್ತು ಅಂಕಗಳು ನೆನಪಾಗುತ್ತವೆ. ಇಲ್ಲಿ ಹೇಳುವ ಮೌಲ್ಯಮಾಪನವು ಒಂದು ದಿನದ ಪರೀಕ್ಷೆಯಲ್ಲ. ಎಡಿಎಚ್‌ಡಿಯನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮಗುವನ್ನು ದಿನವೂ ನೋಡುವವರ ಮಾತುಗಳನ್ನು ಕ್ರಮವಾಗಿ ಕೂಡಿಸಿ, ಬೇರೆ ಕಾರಣಗಳನ್ನು ಒಂದೊಂದಾಗಿ ಪರಿಶೀಲಿಸಿ ವೈದ್ಯರು ತೀರ್ಮಾನಕ್ಕೆ ಬರುತ್ತಾರೆ. ಆದುದರಿಂದ ಶಿಕ್ಷಕರು ಬರೆದುಕೊಡುವ ಒಂದು ಪುಟ ಈ ಕಾರ್ಯದಲ್ಲಿ ಬಹು ಮುಖ್ಯವಾದ ಸಾಕ್ಷ್ಯವಾಗುತ್ತದೆ.

1. ತೊಂದರೆಯ ಸ್ವರೂಪ

ಎಡಿಎಚ್‌ಡಿ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಅನುವಂಶೀಯತೆಯ ಪಾಲು ಇದರಲ್ಲಿ ದೊಡ್ಡದು. ತಾಯಿತಂದೆಯರು ಮುದ್ದು ಮಾಡಿ ಕೆಡಿಸಿದ್ದರಿಂದಲೋ ಹೊಡೆಯದೆ ಬೆಳೆಸಿದ್ದರಿಂದಲೋ ಇದು ಬರುವುದಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ನೂರು ಮಕ್ಕಳಲ್ಲಿ ಸುಮಾರು 5 ಮಂದಿಗೆ ಈ ತೊಂದರೆ ಕಂಡುಬರುತ್ತದೆ. 40 ಮಕ್ಕಳ ತರಗತಿಯಲ್ಲಿ ಒಬ್ಬಿಬ್ಬರು ಇರುವ ಸಾಧ್ಯತೆಯಿದೆ ಎಂದು ತಿಳಿಯಬಹುದು.

ಇದು ಮೂರು ಬಗೆಯಾಗಿ ಕಾಣಿಸಿಕೊಳ್ಳುತ್ತದೆ: ಗಮನದ ಕೊರತೆಯೇ ಮುಖ್ಯವಾಗಿರುವುದು, ಅತಿಚಟುವಟಿಕೆ ಮತ್ತು ದುಡುಕು ಮುಖ್ಯವಾಗಿರುವುದು, ಎರಡೂ ಕೂಡಿರುವುದು. ಮೊದಲನೆಯ ಬಗೆಯ ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ಗದ್ದಲ ಮಾಡದ ಕಾರಣ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತಾರೆ.

2. ನಿರ್ಣಯದ ಅಳತೆಗೋಲು

ವೈದ್ಯರು ಸಾಮಾನ್ಯವಾಗಿ ಎರಡು ಗ್ರಂಥಗಳ ಮಾನದಂಡಗಳನ್ನು ಅನುಸರಿಸುತ್ತಾರೆ. ಒಂದು, ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ಡಿಎಸ್‌ಎಂ-5. ಇನ್ನೊಂದು, 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11. ಡಿಎಸ್‌ಎಂ-5 ಪ್ರಕಾರ ಈ ಕೆಳಗಿನ ಎಲ್ಲ ಅಂಶಗಳೂ ಕೂಡಿಬರಬೇಕು.

ಅ) ಗಮನದ ಕೊರತೆಯ 9 ಲಕ್ಷಣಗಳಲ್ಲಿ ಕನಿಷ್ಠ 6, ಅಥವಾ ಅತಿಚಟುವಟಿಕೆ ಮತ್ತು ದುಡುಕಿನ 9 ಲಕ್ಷಣಗಳಲ್ಲಿ ಕನಿಷ್ಠ 6 ಇರಬೇಕು. 17 ವರ್ಷ ತುಂಬಿದವರಿಗೆ 5 ಸಾಕು.
ಆ) ಅವು 6 ತಿಂಗಳಿಗಿಂತ ಕಡಿಮೆಯಿಲ್ಲದಂತೆ ಮುಂದುವರಿದಿರಬೇಕು ಹಾಗೂ ಮಗುವಿನ ವಯಸ್ಸಿಗೆ ಹೊಂದದಷ್ಟು ಹೆಚ್ಚಾಗಿರಬೇಕು.
ಇ) ಹಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು.
ಈ) ಮನೆ, ಶಾಲೆ, ಆಟದ ಬಯಲು ಇವುಗಳಲ್ಲಿ ಎರಡು ಕಡೆಯಾದರೂ ಕಾಣಬೇಕು.
ಉ) ಅವುಗಳಿಂದ ಕಲಿಕೆ, ಗೆಳೆತನ ಅಥವಾ ದೈನಂದಿನ ಬಾಳಿಗೆ ನಿಜವಾದ ಅಡ್ಡಿಯಾಗಿರಬೇಕು.
ಊ) ಬೇರೊಂದು ಕಾರಣದಿಂದ ಅವುಗಳನ್ನು ಇನ್ನೂ ಚೆನ್ನಾಗಿ ವಿವರಿಸಲು ಸಾಧ್ಯವಾಗಬಾರದು.

ನಾಲ್ಕನೆಯ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಮನೆಯಲ್ಲಿ ಸಮಾಧಾನವಾಗಿದ್ದು ಶಾಲೆಯಲ್ಲಿ ಮಾತ್ರ ಚಡಪಡಿಸುವ ಮಗುವಿನ ವಿಷಯದಲ್ಲಿ, ಶಾಲೆಯಲ್ಲಿ ಆ ಮಗುವಿಗೆ ಏನು ಕಷ್ಟವಾಗುತ್ತಿದೆ ಎಂಬ ಪ್ರಶ್ನೆ ಮೊದಲು ಏಳಬೇಕು. ಮನೆಯಲ್ಲಿ ಮಾತ್ರ ತೊಂದರೆ ಇದ್ದರೆ ಮನೆಯ ಪರಿಸ್ಥಿತಿಯನ್ನು ವಿಚಾರಿಸಬೇಕು. ಶಾಲೆಯ ವರದಿಯಿಲ್ಲದೆ ಈ ಅಂಶವನ್ನು ತೀರ್ಮಾನಿಸುವುದು ವೈದ್ಯರಿಗೆ ಕಷ್ಟ.

3. ಗಮನವಿಲ್ಲದಂತೆ ಕಾಣಿಸುವ ಇತರ ಕಾರಣಗಳು

ಕರಿಹಲಗೆ ಮಂಜಾಗಿ ಕಾಣುವ ಮಗು ಪಕ್ಕದವರ ಪುಸ್ತಕ ನೋಡಲು ಎದ್ದೇಳುತ್ತದೆ. ಕಿವಿ ಸೋರಿ ಕೇಳಿಸದ ಮಗು ಕರೆದಾಗ ತಿರುಗುವುದಿಲ್ಲ. ರಕ್ತಹೀನತೆಯಿರುವ ಮಗು, ಬೆಳಗಿನ ಉಪಾಹಾರವಿಲ್ಲದೆ ಬಂದ ಮಗು ಮೊದಲನೆಯ ಅವಧಿಯಲ್ಲಿಯೇ ಬಳಲುತ್ತದೆ. ಗಂಟಲಿನ ಗ್ರಂಥಿ ಊದಿ ರಾತ್ರಿಯೆಲ್ಲ ಗೊರಕೆ ಹೊಡೆಯುವ ಮಗುವಿಗೆ ನಿದ್ರೆ ಸಾಲದು. ಕೆಲವು ಬಗೆಯ ಮೂರ್ಛೆರೋಗದಲ್ಲಿ ಮಗು ಕೆಲವು ಕ್ಷಣ ದೃಷ್ಟಿ ನೆಟ್ಟು ನಿಂತುಬಿಡುತ್ತದೆ. ಅದನ್ನು ನಾವು ಹಗಲುಗನಸು ಎಂದು ಗದರುತ್ತೇವೆ. ಥೈರಾಯ್ಡ್ ಗ್ರಂಥಿಯ ತೊಂದರೆಯೂ ಇಂಥದೇ ಗೊಂದಲ ಉಂಟುಮಾಡಬಲ್ಲದು.

ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು, ತುಳು ಅಥವಾ ಮರಾಠಿ ಆಡುವ ಮಗು ಕನ್ನಡ ಮಾಧ್ಯಮದ ಒಂದನೆಯ ತರಗತಿಯಲ್ಲಿ ಅರ್ಥವಾಗದ ಮಾತಿನ ನಡುವೆ ಎಷ್ಟು ಹೊತ್ತು ಗಮನ ಹಿಡಿದಿಟ್ಟೀತು? ತಂದೆಯ ಕುಡಿತ, ಹೊಡೆತ, ಸಾವು, ದುಡಿಮೆಗಾಗಿ ಗುಳೆ ಹೋಗಿ ಬರುವುದು, ಲೈಂಗಿಕ ದೌರ್ಜನ್ಯ ಇವೆಲ್ಲವೂ ಮಗುವಿನ ಮನಸ್ಸನ್ನು ಪುಸ್ತಕದಿಂದ ಕಿತ್ತುಕೊಳ್ಳುತ್ತವೆ. ತರಗತಿಯ ಅತಿ ಕಿರಿಯ ಮಗುವನ್ನು ಹತ್ತು ಹನ್ನೊಂದು ತಿಂಗಳು ದೊಡ್ಡವರಾದ ಸಹಪಾಠಿಗಳಿಗೆ ಹೋಲಿಸಿ 'ಚಂಚಲ' ಎನ್ನುವ ತಪ್ಪು ಅನೇಕ ದೇಶಗಳಲ್ಲಿ ದಾಖಲಾಗಿದೆ.

ಓದುಬರಹದ ನಿರ್ದಿಷ್ಟ ಕಲಿಕಾ ನ್ಯೂನತೆ, ಬೌದ್ಧಿಕ ನ್ಯೂನತೆ, ಆಟಿಸಂ, ಆತಂಕ ಇವು ಎಡಿಎಚ್‌ಡಿಯಂತೆ ತೋರಬಹುದು; ಅದರ ಜೊತೆಯಲ್ಲಿಯೂ ಇರಬಹುದು. ಒಂದನ್ನು ಕಂಡೊಡನೆ ಮತ್ತೊಂದನ್ನು ಹುಡುಕುವುದನ್ನು ನಿಲ್ಲಿಸಬಾರದು.

4. ಶಿಕ್ಷಕರ ಅವಲೋಕನ ಬರಹ

ಶಿಕ್ಷಕರು ರೋಗದ ಹೆಸರು ಬರೆಯಬೇಕಾಗಿಲ್ಲ, ಬರೆಯಲೂಬಾರದು. ಕಂಡದ್ದನ್ನು ಕಂಡಂತೆ ಬರೆದರೆ ಸಾಕು. "ತುಂಬಾ ತುಂಟ, ಓದುವುದಿಲ್ಲ, ಮನೆಯವರ ಸಹಕಾರವಿಲ್ಲ" ಎಂಬ ವರದಿಯಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಅದರ ಬದಲು ಹೀಗೆ ಬರೆಯಬಹುದು:

"ಗಣಿತದ 40 ನಿಮಿಷಗಳ ಅವಧಿಯಲ್ಲಿ 6 ಸಲ ಎದ್ದನು. 10 ಕಳೆಯುವ ಲೆಕ್ಕಗಳಲ್ಲಿ ಮೊದಲ 4 ಸರಿ, ಉಳಿದವನ್ನು ಮುಟ್ಟಲಿಲ್ಲ. ಪಕ್ಕದಲ್ಲಿ ಕುಳಿತು ಒಂದೊಂದಾಗಿ ಹೇಳಿದಾಗ ಉಳಿದ 6ನ್ನೂ ಸರಿಯಾಗಿ ಮಾಡಿದನು. ಕಥೆ ಹೇಳುವಾಗ 15 ನಿಮಿಷ ಕುಳಿತಿದ್ದನು."

ಈ ನಾಲ್ಕು ವಾಕ್ಯಗಳಲ್ಲಿ ಮಗುವಿಗೆ ಲೆಕ್ಕ ಬರುತ್ತದೆ, ತಾನೇ ಮುಗಿಸಲು ಆಗುತ್ತಿಲ್ಲ, ನೆರವಿದ್ದರೆ ಆಗುತ್ತದೆ ಎಂಬ ಮೂರು ಸಂಗತಿಗಳು ಸ್ಪಷ್ಟವಾಗಿವೆ. ಎರಡು ವಾರಗಳ ಕಾಲ ಬೇರೆ ಬೇರೆ ವಿಷಯಗಳ ಅವಧಿಯಲ್ಲಿ, ಬೆಳಗ್ಗೆ ಮತ್ತು ಮಧ್ಯಾಹ್ನ, ಇಂತಹ ಟಿಪ್ಪಣಿ ಬರೆದಿಡಬೇಕು. ಅದೇ ವಯಸ್ಸಿನ ಇನ್ನೊಂದು ಮಗು ಅದೇ ಅವಧಿಯಲ್ಲಿ ಹೇಗಿತ್ತು ಎಂಬುದನ್ನೂ ನಮೂದಿಸಿದರೆ ಹೋಲಿಕೆ ಸುಲಭವಾಗುತ್ತದೆ. ಮಗುವಿನ ಒಳ್ಳೆಯ ಗುಣಗಳನ್ನೂ ಬರೆಯಬೇಕು. ಕಬಡ್ಡಿಯಲ್ಲಿಯೋ ಮೊಬೈಲ್ ಆಟದಲ್ಲಿಯೋ ಮೈಮರೆಯುತ್ತದೆ ಎಂಬ ಕಾರಣದಿಂದ ಎಡಿಎಚ್‌ಡಿ ಇಲ್ಲವೆಂದು ತೀರ್ಮಾನಿಸಲಾಗದು. ತನಗೆ ಪ್ರಿಯವಾದುದರಲ್ಲಿ ಈ ಮಕ್ಕಳೂ ಮುಳುಗಬಲ್ಲರು.

ಈ ಟಿಪ್ಪಣಿಯು ಮಗುವಿನ ಖಾಸಗಿ ವಿಷಯ. ಅದನ್ನು ಸಿಬ್ಬಂದಿ ಕೊಠಡಿಯಲ್ಲಿ ಓದಿ ಹೇಳುವುದು, ವಾಟ್ಸಾಪ್ ಗುಂಪಿಗೆ ಹಾಕುವುದು ಸಲ್ಲದು.

5. ಪೋಷಕರೊಡನೆ ಮಾತು

"ನಿಮ್ಮ ಮಗನಿಗೆ ಎಡಿಎಚ್‌ಡಿ ಇದೆ, ಆಸ್ಪತ್ರೆಗೆ ತೋರಿಸಿ" ಎಂದರೆ ತಾಯಿ ಬೆದರಿ, ಮರುದಿನದಿಂದ ಮಗುವನ್ನು ಶಾಲೆಗೆ ಕಳುಹಿಸದೆ ಇರಬಹುದು. ಮಾತನ್ನು ಹೀಗೆ ಆರಂಭಿಸಬಹುದು: "ನೋಡಿ ಅಮ್ಮ, ನಿಮ್ಮ ಮಗ ಚುರುಕಾಗಿದ್ದಾನೆ. ಲೆಕ್ಕ ಬರುತ್ತದೆ, ಆದರೆ ಮುಗಿಸಲು ಕಷ್ಟಪಡುತ್ತಿದ್ದಾನೆ. ಮನೆಯಲ್ಲಿ ಹೇಗಿರುತ್ತಾನೆ? ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾನೆಯೇ?" ಮೊದಲು ಅವರ ಮಾತು ಕೇಳಬೇಕು. ತಪಾಸಣೆಗೆ ಪೋಷಕರ ಒಪ್ಪಿಗೆ ಅಗತ್ಯ. ಕೂಲಿಗೆ ಹೋಗುವ ತಾಯಿಗೆ ಆಸ್ಪತ್ರೆಯ ಒಂದು ದಿನವೆಂದರೆ ಒಂದು ದಿನದ ಕೂಲಿ. ಆದ್ದರಿಂದ ಯಾವ ದಿನ, ಯಾವ ಕೊಠಡಿ, ಯಾರನ್ನು ಕಾಣಬೇಕು ಎಂಬುದನ್ನು ಮೊದಲೇ ವಿಚಾರಿಸಿ ಚೀಟಿಯಲ್ಲಿ ಬರೆದುಕೊಡುವುದು ನಮ್ಮ ಕರ್ತವ್ಯ.

6. ನಮ್ಮಲ್ಲಿರುವ ಹಾದಿ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ಪಟ್ಟಿಯಲ್ಲಿ ಎಡಿಎಚ್‌ಡಿಯೂ ಸೇರಿದೆ. ಈ ಕಾರ್ಯಕ್ರಮದ ವೈದ್ಯರ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ವರ್ಷಕ್ಕೆ ಒಂದು ಬಾರಿ ಭೇಟಿ ನೀಡಬೇಕೆಂಬುದು ನಿಯಮ. ಒಂದು ದಿನದಲ್ಲಿ ನೂರಾರು ಮಕ್ಕಳನ್ನು ನೋಡುವ ತಂಡಕ್ಕೆ ಮೂಲೆಯಲ್ಲಿ ಸುಮ್ಮನೆ ಕುಳಿತ ಬಾಲಕಿ ಕಾಣಿಸಲಾರಳು. ಆ ದಿನ ಶಿಕ್ಷಕರು ತಮ್ಮ ಟಿಪ್ಪಣಿಯನ್ನು ವೈದ್ಯರ ಕೈಗೆ ಕೊಟ್ಟರೆ ಅವಳು ಕಾಣಿಸುತ್ತಾಳೆ.

ಅಲ್ಲಿಂದ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ (ಡಿಇಐಸಿ) ಕಳುಹಿಸಲಾಗುತ್ತದೆ. ಮಕ್ಕಳ ತಜ್ಞರು, ಮನಶ್ಶಾಸ್ತ್ರಜ್ಞರು, ಶ್ರವಣ ಮತ್ತು ದೃಷ್ಟಿ ಪರೀಕ್ಷಕರು ಒಂದೇ ಕಡೆ ಇರಬೇಕೆಂಬುದು ಈ ಕೇಂದ್ರದ ಆಶಯ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರನ್ನೂ ಕಾಣಬಹುದು. ಹೆಚ್ಚಿನ ಪರಿಶೀಲನೆ ಬೇಕಾದಾಗ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯಕೀಯ ವಿಭಾಗ ಹಾಗೂ ಧಾರವಾಡದ ಡಿಮ್ಹಾನ್ಸ್ ಇವೆ. ಯಾರನ್ನು ಕೇಳಬೇಕೆಂದು ತೋಚದ ಪೋಷಕರು ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

7. ತಜ್ಞರ ಬಳಿ ನಡೆಯುವುದು

ಪೋಷಕರು ತಾಯಿ ಕಾರ್ಡ್, ಲಸಿಕೆ ದಾಖಲೆ, ಹಿಂದಿನ ವರ್ಷಗಳ ಪ್ರಗತಿ ಪತ್ರ, ಮಗುವಿನ ಒಂದೆರಡು ನೋಟ್‌ಪುಸ್ತಕ ಮತ್ತು ಶಿಕ್ಷಕರ ಟಿಪ್ಪಣಿಯನ್ನು ಒಯ್ಯಬೇಕು. ವೈದ್ಯರು ಗರ್ಭಾವಸ್ಥೆ, ಹೆರಿಗೆ, ಮಗು ನಡೆದ ಮತ್ತು ಮಾತನಾಡಿದ ಕಾಲ, ಜ್ವರದ ಸೆಳೆತ, ನಿದ್ರೆ, ಮನೆಯ ಪರಿಸ್ಥಿತಿ, ಬಂಧುಗಳಲ್ಲಿ ಇಂತಹ ತೊಂದರೆ ಇದ್ದರೆ ಅದನ್ನು ಕೇಳುತ್ತಾರೆ. ಎತ್ತರ, ತೂಕ, ಕಣ್ಣು, ಕಿವಿ ಪರೀಕ್ಷಿಸುತ್ತಾರೆ. ಮೂರ್ಛೆಯ ಸಂಶಯವಿದ್ದರೆ ಮಾತ್ರ ಇಇಜಿ ಬೇಕಾಗುತ್ತದೆ.

ಬಳಿಕ ಪೋಷಕರಿಗೂ ಶಿಕ್ಷಕರಿಗೂ ಪ್ರತ್ಯೇಕ ಪ್ರಶ್ನಾವಳಿ ಕೊಡಬಹುದು. ವ್ಯಾಂಡರ್‌ಬಿಲ್ಟ್ ಮತ್ತು ಕಾನರ್ಸ್ ಮಾಪನಗಳು ಹೆಚ್ಚು ಬಳಕೆಯಲ್ಲಿವೆ. ಪ್ರಶ್ನಾವಳಿಯ ಅಂಕವೊಂದೇ ರೋಗನಿರ್ಣಯವಲ್ಲ. ಕಲಿಕೆಯ ಹಿನ್ನಡೆ ಹೆಚ್ಚಾಗಿದ್ದರೆ ಬುದ್ಧಿಶಕ್ತಿಯ ಪರೀಕ್ಷೆಯನ್ನೂ ಮಾಡುತ್ತಾರೆ. ಇಂದಿಗೂ ಬಳಕೆಯಲ್ಲಿರುವ ಬಿನೆ-ಕಾಮತ್ ಪರೀಕ್ಷೆಯನ್ನು 1930ರ ದಶಕದಲ್ಲಿ ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗಾಗಿಯೇ ಅಳವಡಿಸಿದ್ದರು.

ಹೊಸ ಜಾಗ, ಹೊಸ ಮುಖ ಕಂಡು ಮಗು ಆಸ್ಪತ್ರೆಯಲ್ಲಿ ಅರ್ಧ ಗಂಟೆ ಶಾಂತವಾಗಿ ಕೂರಬಹುದು. ಅದರಿಂದ ತೊಂದರೆಯಿಲ್ಲವೆಂದು ಆಗುವುದಿಲ್ಲ. ಎರಡು ಮೂರು ಭೇಟಿಗಳು ಬೇಕಾಗುವುದು ಸಹಜ. ಪೋಷಕರಿಗೆ ಇದನ್ನು ಮೊದಲೇ ತಿಳಿಸಿದ್ದರೆ ನಡುವೆ ಕೈಬಿಡುವುದಿಲ್ಲ.

8. ಹದಿಹರೆಯದವರ ವಿಷಯ

ಹದಿಹರೆಯದಲ್ಲಿ ಓಡಾಟ ಕಡಿಮೆಯಾಗಿ ಒಳಗಿನ ಚಡಪಡಿಕೆ, ಕೆಲಸ ಮುಂದೂಡುವುದು, ದುಡುಕಿನ ತೀರ್ಮಾನಗಳು ಉಳಿಯುತ್ತವೆ. ಕೆಳಗಿನ ತರಗತಿಗಳಲ್ಲಿ ಬುದ್ಧಿಬಲದಿಂದ ಸಂಭಾಳಿಸಿದ ವಿದ್ಯಾರ್ಥಿನಿ ಪಾಠದ ಹೊರೆ ಹೆಚ್ಚಾದಾಗ ಎಂಟು ಒಂಬತ್ತನೆಯ ತರಗತಿಯಲ್ಲಿ ಕುಸಿಯಬಹುದು. 12 ವರ್ಷಕ್ಕೆ ಮೊದಲಿನ ಸಾಕ್ಷ್ಯ ಬೇಕಾದುದರಿಂದ ಪ್ರಾಥಮಿಕ ಶಾಲೆಯ ಹಳೆಯ ಪ್ರಗತಿ ಪತ್ರಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಖಿನ್ನತೆ, ಮಾದಕ ವಸ್ತು, ರಾತ್ರಿಯಿಡೀ ಮೊಬೈಲ್ ಇವುಗಳನ್ನೂ ಪರಿಶೀಲಿಸಬೇಕು. ಹದಿಹರೆಯದವರೊಡನೆ ವೈದ್ಯರು ಸ್ವಲ್ಪ ಹೊತ್ತು ಪ್ರತ್ಯೇಕವಾಗಿ ಮಾತನಾಡುವುದು ಕ್ರಮ. ಪೋಷಕರು ಇದಕ್ಕೆ ಅವಕಾಶ ಕೊಡಬೇಕು.

9. ತೀರ್ಮಾನದ ನಂತರ

ಎಡಿಎಚ್‌ಡಿ ಇದೆಯೆಂದಾದರೆ, 6 ವರ್ಷದೊಳಗಿನ ಮಗುವಿಗೆ ಮೊದಲು ಪೋಷಕರ ತರಬೇತಿಯೇ ಚಿಕಿತ್ಸೆ. ದೊಡ್ಡ ಮಕ್ಕಳಿಗೆ ತರಬೇತಿ, ತರಗತಿಯ ನೆರವು ಹಾಗೂ ವೈದ್ಯರಿಗೆ ಅಗತ್ಯವೆನಿಸಿದರೆ ಔಷಧ. ಔಷಧವನ್ನು ಆರಂಭಿಸುವುದು, ನಿಲ್ಲಿಸುವುದು ವೈದ್ಯರ ಸಲಹೆಯಿಂದ ಮಾತ್ರ. ತೂಕ, ಎತ್ತರ, ನಾಡಿ, ರಕ್ತದೊತ್ತಡಗಳನ್ನು ಆಗಾಗ ನೋಡಿಸಬೇಕು. ತರಗತಿಯಲ್ಲಿ ಮುಂದಿನ ಸಾಲು, ಒಂದು ಬಾರಿಗೆ ಒಂದೇ ಸೂಚನೆ, ಹತ್ತು ಲೆಕ್ಕಗಳನ್ನು ಐದೈದಾಗಿ ಕೊಡುವುದು, ನಡುವೆ ಎದ್ದು ಹಲಗೆ ಒರೆಸುವ ಕೆಲಸ, ಮುಗಿಸಿದೊಡನೆ ಮೆಚ್ಚುಗೆಯ ಮಾತು ಇವಿಷ್ಟರಿಂದಲೇ ಬಹಳ ವ್ಯತ್ಯಾಸವಾಗುತ್ತದೆ. ಇದಕ್ಕೆ ವರದಿ ಬರುವವರೆಗೆ ಕಾಯಬೇಕಾಗಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳ ಪಟ್ಟಿಯಲ್ಲಿ ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ನಿರ್ದಿಷ್ಟ ಕಲಿಕಾ ನ್ಯೂನತೆ, ಆಟಿಸಂ, ಬೌದ್ಧಿಕ ನ್ಯೂನತೆ ಅದರಲ್ಲಿವೆ. ಅವು ಜೊತೆಗಿದ್ದಲ್ಲಿ ಪ್ರಮಾಣಪತ್ರಕ್ಕಾಗಿ ಪ್ರತ್ಯೇಕ ಪರಿಶೀಲನೆ ಮಾಡಿಸಬೇಕು.

ಎಡಿಎಚ್‌ಡಿ ಇಲ್ಲವೆಂದಾದರೂ ಶ್ರಮ ವ್ಯರ್ಥವಲ್ಲ. ಕನ್ನಡಕ ಬೇಕೆಂದು ತಿಳಿದರೆ ಅದೇ ಒಂದು ಫಲ. ಇರಲಿ ಇಲ್ಲದಿರಲಿ, ಮಗುವನ್ನು ಹೊಡೆಯುವುದಕ್ಕೂ ಹೀಯಾಳಿಸುವುದಕ್ಕೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮಿನಲ್ಲಿ ನಿಷೇಧವಿದೆ. ದಿನವೂ ಬೈಗುಳ ಕೇಳಿದ ಮಗು ಕೊನೆಗೆ ತಾನು ಕೆಟ್ಟವನೆಂದೇ ನಂಬುತ್ತದೆ, ಶಾಲೆ ಬಿಡುತ್ತದೆ. ಮೊದಲು ಹೇಳಿದ ಬಾಲಕನೂ ಬಾಲಕಿಯೂ ಏಳನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಉಳಿಯುವರೇ ಎಂಬುದು ಐದನೆಯ ತರಗತಿಯಲ್ಲಿ ಅವರನ್ನು ಯಾರಾದರೂ ಎರಡು ವಾರ ಗಮನವಿಟ್ಟು ನೋಡಿ ಬರೆದರೇ ಎಂಬುದನ್ನು ಅವಲಂಬಿಸಿರಬಹುದು.

ಸಮಾಲೋಚನಾ ಸಭೆಯಲ್ಲಿ ಚರ್ಚಿಸಲು

1. ತಮ್ಮ ತರಗತಿಯಲ್ಲಿ ಗದ್ದಲ ಮಾಡದೆ ಹಿಂದುಳಿಯುತ್ತಿರುವ ಮಗು ಯಾವುದು? ಕಳೆದ ವಾರ ಆ ಮಗುವಿನೊಡನೆ ಎಷ್ಟು ಬಾರಿ ಮಾತನಾಡಿದ್ದೀರಿ?
2. "ಸೋಮಾರಿ" ಎಂಬ ಪದವನ್ನು ಬಳಸದೆ ಒಂದು ಮಗುವಿನ ಒಂದು ಅವಧಿಯ ವರ್ತನೆಯನ್ನು ನಾಲ್ಕು ವಾಕ್ಯಗಳಲ್ಲಿ ಬರೆಯಿರಿ.
3. ಆ ಮಗುವಿನ ಕಣ್ಣು, ಕಿವಿ, ನಿದ್ರೆ, ಆಹಾರ, ಮನೆಮಾತು ಇವುಗಳ ಬಗ್ಗೆ ತಮಗೆ ತಿಳಿದಿರುವುದೇನು? ತಿಳಿಯದಿರುವುದನ್ನು ಯಾರಿಂದ ತಿಳಿಯಬಹುದು?
4. ತಮ್ಮ ಶಾಲೆಗೆ ಆರ್‌ಬಿಎಸ್‌ಕೆ ತಂಡ ಮುಂದಿನ ಬಾರಿ ಬರುವ ದಿನ ಯಾವುದು? ಅಷ್ಟರಲ್ಲಿ ಯಾವ ಟಿಪ್ಪಣಿಗಳು ಸಿದ್ಧವಾಗಿರಬೇಕು?