ಬೆಳಗಿನ ಕೈ, ಸಂಜೆಯ ಕೈ

ಮೇಷ್ಟ್ರೇ, ಕಿರುಪರೀಕ್ಷೆಯ ಪತ್ರಿಕೆ ತಿದ್ದುವಾಗ ಐದು ಪತ್ರಿಕೆಗಳ ಅಂಕ ಮಾತ್ರ ಬೇರೆ ಚೀಟಿಯಲ್ಲಿ ಬರೆದಿಡಿ. ವಾರ ಬಿಟ್ಟು, ಚೀಟಿ ನೋಡದೆ ಅವನ್ನೇ ಮತ್ತೆ ತಿದ್ದಿ. ಎರಡು ಸಲದ ಅಂಕ ತಾಳೆಯಾಗದಿದ್ದರೆ ಗಾಬರಿ ಬೇಡ, ನೀವೊಬ್ಬರೇ ಅಲ್ಲ. 1912ರಲ್ಲಿ ಅಮೆರಿಕದ ಸಂಶೋಧಕರಾದ ಸ್ಟಾರ್ಚ್ ಮತ್ತು ಎಲಿಯಟ್ ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಂದ ತಿದ್ದಿಸಿದರು. ಅಂಕಗಳ ಅಂತರ ಮೂವತ್ತು ದಾಟಿತ್ತು. ಭಾಷೆಯೆಂದರೆ ಹಾಗೇ ಅಂದವರಿಗೆ ಉತ್ತರವಾಗಿ ಮರುವರ್ಷ ರೇಖಾಗಣಿತದ ಪತ್ರಿಕೆ ತಿದ್ದಿಸಿದರು. ಅಂತರ ಇನ್ನೂ ಹಿಗ್ಗಿತು!

ಆದ್ದರಿಂದ ಯಾವ ಹಂತಕ್ಕೆ ಎಷ್ಟು ಅಂಕ ಎಂದು ಮೊದಲೇ ಬರೆದುಕೊಳ್ಳಿ. ಎಲ್ಲರ ಮೊದಲ ಉತ್ತರ ಮುಗಿಸಿಯೇ ಎರಡನೆಯದಕ್ಕೆ ಹೋಗಿ. ಹೆಸರು ಕಾಣದಂತೆ ಹಾಳೆ ಮಡಚಿಡಿ. ದುಂಡಗಿನ ಅಕ್ಷರ ಕಂಡರೆ ಅರ್ಧ ಅಂಕ ತಾನಾಗಿ ಜಾರುತ್ತದೆ. ನನ್ನ ಕೈಯಿಂದಲೂ ಜಾರಿದೆ.