ಕಡತಗಳಿಗೆ ಎರಡನೆಯ ಪ್ರತಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯನ್ನು ಕೈಗೆತ್ತಿಕೊಂಡ ಹಳೆವಿದ್ಯಾರ್ಥಿಗಳು ಒಂದು ಚಿತ್ರವನ್ನು ಅರಸದೆ ಇರಲಾರರು. ಮುಳಿಹುಲ್ಲಿನ ಮಾಡಿನ ಮುಂದೆ ಮೊದಲ ತಂಡದ ಮಕ್ಕಳು ಅಧ್ಯಾಪಕರೊಡನೆ ನಿಂತಿದ್ದ ಚಿತ್ರವದು. ಅದು ಈ ಸಂಚಿಕೆಯಲ್ಲಿಲ್ಲ. ಆ ಲೋಪಕ್ಕೆ ನಾನೇ ಕಾರಣನಾದುದರಿಂದ, ಅದರಿಂದ ಕಲಿತ ಪಾಠವನ್ನು ನಿಮ್ಮ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನಿವೃತ್ತನಾದ ಬಳಿಕ ಶಾಲೆಯ ಚರಿತ್ರೆಯನ್ನು ಮನೆಯ ಗಣಕಯಂತ್ರದಲ್ಲಿ ಸಂಗ್ರಹಿಸತೊಡಗಿದೆ. ಊರವರ ಮನೆಗಳಿಂದ ಹಳೆಯ ಭಾವಚಿತ್ರಗಳನ್ನು ಎರವಲು ತಂದು, ಸ್ಕ್ಯಾನ್ ಮಾಡಿ, ಜೋಪಾನವಾಗಿ ಹಿಂದಿರುಗಿಸಿದೆ. ‘ಸಿ’ ಡ್ರೈವಿನಲ್ಲಿದ್ದುದನ್ನೆಲ್ಲ ‘ಡಿ’ ಡ್ರೈವಿಗೂ ಪ್ರತಿ ಮಾಡಿ ನಿಶ್ಚಿಂತನಾಗಿದ್ದೆ. 2019ರ ಆಟಿ ತಿಂಗಳ ಒಂದು ಬೆಳಗ್ಗೆ ಯಂತ್ರವು ಏಳಲೇ ಇಲ್ಲ. ಕಾಸರಗೋಡು ಪೇಟೆಯಲ್ಲಿ ರಿಪೇರಿ ಮಾಡುವ ಹುಡುಗ ಬಿಚ್ಚಿ ನೋಡಿ, “ಮಾಷ್ಟ್ರೇ, ಸಿ, ಡಿ ಅಂತ ಹೆಸರು ಮಾತ್ರ ಎರಡು. ಒಳಗಿರುವ ಡಿಸ್ಕ್ ಒಂದೇ. ಅದು ಹೋಗಿದೆ” ಎಂದ. ಮತ್ತೆ ಮನೆಮನೆಗೆ ಹೋಗಿ ಹೆಚ್ಚಿನ ಚಿತ್ರಗಳನ್ನು ಪಡೆದೆ. ಆದರೆ ಆ ಒಂದು ಚಿತ್ರದ ಮೂಲವನ್ನು ಅಷ್ಟರಲ್ಲಿ ಗೆದ್ದಲು ತಿಂದು ಮುಗಿಸಿತ್ತು.

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಹೇಳಿದವನು ನಾನು. ‘ಮಾಡಿಸಿ’ ಎಂಬುದನ್ನು ನೆನಪಿಟ್ಟುಕೊಂಡೆ, ‘ಹಂಚಿದಳು’ ಎಂಬುದನ್ನು ಮರೆತೆ. ಸಾವಿರ ಪ್ರತಿಗಳನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟಿದ್ದರೆ ಒಂದು ಕಿಡಿಯೇ ಸಾಕಾಗುತ್ತಿತ್ತು.

ಆದುದರಿಂದ ಮೊದಲನೆಯ ನಿಯಮವಿದು: ಪ್ರತಿಯು ಬೇರೆಯೇ ಡಿಸ್ಕಿನಲ್ಲಿರಬೇಕು. ಯುಎಸ್‌ಬಿ ತಂತಿಯಿಂದ ಜೋಡಿಸುವ ಹೊರಗಿನ ಹಾರ್ಡ್ ಡಿಸ್ಕ್ ಇದಕ್ಕೆ ತಕ್ಕುದು. ನಿಮ್ಮ ಕಡತಗಳ ಒಟ್ಟು ಗಾತ್ರದ ಎರಡರಷ್ಟಾದರೂ ಸ್ಥಳ ಅದರಲ್ಲಿದ್ದರೆ ಒಳ್ಳೆಯದು.

ಎರಡನೆಯದಾಗಿ, ಪ್ರತಿ ಮಾಡುವ ಕೆಲಸವು ನಮ್ಮ ನೆನಪನ್ನು ನಂಬಿರಬಾರದು, ತಾನಾಗಿಯೇ ನಡೆಯಬೇಕು. 2012ರಲ್ಲಿ ಬಂದ ವಿಂಡೋಸ್ 8ರಿಂದ ಮೊದಲ್ಗೊಂಡು ವಿಂಡೋಸ್ 10 ಮತ್ತು 11ರಲ್ಲಿಯೂ ಇದಕ್ಕಾಗಿ ‘ಫೈಲ್ ಹಿಸ್ಟರಿ’ ಎಂಬ ಏರ್ಪಾಡಿದೆ. ಹೊರಗಿನ ಡಿಸ್ಕನ್ನು ಜೋಡಿಸಿರಿ. ‘ಕಂಟ್ರೋಲ್ ಪ್ಯಾನೆಲ್’ ತೆರೆದು, ‘ಸಿಸ್ಟಮ್ ಅಂಡ್ ಸೆಕ್ಯುರಿಟಿ’ಯೊಳಗಿನ ‘ಫೈಲ್ ಹಿಸ್ಟರಿ’ಗೆ ಹೋಗಿರಿ. ‘ಸೆಲೆಕ್ಟ್ ಡ್ರೈವ್’ ಎಂಬಲ್ಲಿ ಆ ಡಿಸ್ಕನ್ನು ಆರಿಸಿ ‘ಟರ್ನ್ ಆನ್’ ಒತ್ತಿರಿ. ಅಲ್ಲಿಂದ ಮುಂದೆ, ನೀವಾಗಿ ಬದಲಿಸದಿದ್ದರೆ, ಗಂಟೆಗೊಮ್ಮೆ ಪ್ರತಿಯಾಗುತ್ತಿರುತ್ತದೆ. ದಿನಕ್ಕೊಮ್ಮೆ ಸಾಕೆನಿಸಿದರೆ ‘ಅಡ್ವಾನ್ಸ್ಡ್ ಸೆಟ್ಟಿಂಗ್ಸ್’ನಲ್ಲಿ ಹಾಗೆ ಗೊತ್ತುಪಡಿಸಬಹುದು. ಆಪಲ್ ಕಂಪನಿಯ ಮ್ಯಾಕ್ ಯಂತ್ರವುಳ್ಳವರಿಗೆ 2007ರಿಂದ ‘ಟೈಮ್ ಮಷೀನ್’ ಎಂಬುದು ಇದೇ ಕೆಲಸವನ್ನು ಮಾಡಿಕೊಡುತ್ತಿದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಫೈಲ್ ಹಿಸ್ಟರಿಯು ಇಡೀ ಯಂತ್ರವನ್ನು ಪ್ರತಿ ಮಾಡುವುದಿಲ್ಲ. ‘ಡಾಕ್ಯುಮೆಂಟ್ಸ್’, ‘ಪಿಕ್ಚರ್ಸ್’, ‘ಡೆಸ್ಕ್‌ಟಾಪ್’ ಮೊದಲಾದ ಫೋಲ್ಡರುಗಳನ್ನು ಮಾತ್ರ ಕಾಯುತ್ತದೆ. ಬೇರೆಲ್ಲೋ ಇಟ್ಟ ಚಿತ್ರಗಳನ್ನು ಇವುಗಳೊಳಕ್ಕೆ ತಂದಿಡಬೇಕು.

ಮೂರನೆಯದು, ಹಳೆಯ ರೂಪವೂ ಉಳಿಯಬೇಕು. ಇದ್ದುದನ್ನು ಇದ್ದಂತೆಯೇ ಬಿಂಬಿಸುವ ಏರ್ಪಾಡಿನಲ್ಲಿ, ಇಲ್ಲಿ ಕೈತಪ್ಪಿ ಅಳಿಸಿದ್ದು ಅಲ್ಲಿಯೂ ಅಳಿಸಿಹೋಗುತ್ತದೆ. ಫೈಲ್ ಹಿಸ್ಟರಿಯಾದರೋ ಹಿಂದಿನ ರೂಪಗಳನ್ನು ಉಳಿಸಿಕೊಂಡಿರುವುದರಿಂದ, ನಿನ್ನೆ ಕೆಡಿಸಿದ ಲೇಖನವನ್ನು ಮೊನ್ನೆಯ ಸ್ಥಿತಿಯಲ್ಲಿ ಮರಳಿ ಪಡೆಯಬಹುದು.

ನಾಲ್ಕನೆಯದು, ಮತ್ತೊಂದು ಪ್ರತಿಯು ಮನೆಯ ಹೊರಗಿರಬೇಕು. ಸಿಡಿಲು ಬಡಿದರೆ ಯಂತ್ರವೂ ಅದಕ್ಕೆ ಜೋಡಿಸಿದ ಡಿಸ್ಕೂ ಒಟ್ಟಿಗೇ ಸುಡಬಹುದು. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ವೈರಸ್ಸುಗಳು ಜೋಡಿಸಿದ ಡಿಸ್ಕನ್ನೂ ಬಿಡುವುದಿಲ್ಲ. ನಾನು ಎರಡನೆಯ ಡಿಸ್ಕೊಂದನ್ನು ಮಂಗಳೂರಿನ ಮಗಳ ಮನೆಯಲ್ಲಿ ಇರಿಸಿದ್ದೇನೆ. ತಿಂಗಳಿಗೊಮ್ಮೆ ಬರುವಾಗ ಅವಳು ಅದನ್ನು ತರುತ್ತಾಳೆ. ಹೊಸ ಪ್ರತಿ ಮಾಡಿಕೊಂಡು ಒಯ್ಯುತ್ತಾಳೆ.

ಕೊನೆಯದು ಪರೀಕ್ಷೆ. ಪಾಠ ಒಪ್ಪಿಸದೆ ಮಗು ಕಲಿತಿದೆಯೆಂದು ನಾವು ನಂಬುತ್ತಿದ್ದೆವೇ? ತಿಂಗಳಿಗೊಮ್ಮೆ ‘ರಿಸ್ಟೋರ್ ಪರ್ಸನಲ್ ಫೈಲ್ಸ್’ ಒತ್ತಿ, ಒಂದು ಚಿತ್ರವನ್ನಾದರೂ ಮರಳಿ ತೆಗೆದು, ತೆರೆದು ನೋಡಿರಿ. ತೆರೆಯದ ಪ್ರತಿ ಇದ್ದರೂ ಇಲ್ಲದಂತೆಯೇ.

ಪ್ರಿಯ ಶಿಷ್ಯರೇ, ಗಡಿನಾಡಿನ ನಮ್ಮ ಕನ್ನಡದ ಬದುಕಿಗೆ ಸಾಕ್ಷಿಯಾದ ಎಷ್ಟೋ ಪತ್ರಗಳು, ಆಮಂತ್ರಣಗಳು, ಚಿತ್ರಗಳು ನಿಮ್ಮ ಮನೆಗಳ ಪೆಟ್ಟಿಗೆಗಳಲ್ಲಿವೆ. ಅವುಗಳನ್ನು ಇಂದೇ ಸ್ಕ್ಯಾನ್ ಮಾಡಿ, ಎರಡು ಕಡೆ ಇರಿಸಿರಿ. ಮುಳಿಹುಲ್ಲಿನ ಮಾಡಿನ ಆ ಚಿತ್ರದ ಮತ್ತೊಂದು ಪ್ರತಿ ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ದಯಮಾಡಿ ಶಾಲೆಗೆ ತಿಳಿಸಿರಿ. ಈ ಬಾರಿ ಅದನ್ನು ಕಳೆಯಲಾರೆ.